ಬಲಗೈಯ ಆಣೆ

೨೦೨೫ರ ನವೆಂಬರ್ ೧೬, ಭಾನುವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ. ಹೊನ್ನಾಳಿಯ ಮೈದಾನದಲ್ಲಿ ನಾನು ಮತ್ತು ತಿಮ್ಮೇಶ್ ಭರ್ಜಿ ಎಸೆತದ ಅಂಕಣಕ್ಕೆ ಸುಣ್ಣದ ಗೆರೆ ಹಾಕುತ್ತಿದ್ದೆವು. ತಿಮ್ಮೇಶ್ ದೈಹಿಕ ಶಿಕ್ಷಕ. ನಾನು ನ್ಯಾಮತಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು; ಸಂಜೆ ಹುಡುಗಿಯರಿಗೆ ಭರ್ಜಿ ಎಸೆತ ಕಲಿಸುವವಳು; ರಜೆಯ ದಿನಗಳಲ್ಲಿ ಕ್ರೀಡಾಕೂಟಗಳ ತೀರ್ಪುಗಾರ್ತಿ. ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಪುಡಿ ಹಾರಿ ಗೆರೆ ಸೊಟ್ಟಗಾಗಿತ್ತು. ಅಳಿಸಿ ಮತ್ತೆ ಎಳೆಯುತ್ತಿರುವಾಗ ಕೂಟದ ಅಧ್ಯಕ್ಷರಾದ ಚಿಕ್ಕಹನುಮಂತಪ್ಪನವರು ಬಂದು ಅದರ ಮೇಲೆಯೇ ನಿಂತರು.

"ಅಧ್ಯಕ್ಷರೇ, ಕಾಲು."

"ಅಯ್ಯೋ, ಸಾರಿ ಪುಷ್ಪಾ ಮೇಡಂ." ಹಿಂದೆ ಸರಿದು ಇನ್ನೊಂದು ಗೆರೆ ತುಳಿದರು. "ಆ ಹುಡುಗಿ ಬರ್ತಾಳಂತೆ?"

"ಹೆಸರು ಕೊಟ್ಟಿದ್ದಾಳೆ. ಬರ್ತಾಳೆ."

"ಹಂಗಾರೆ ಒಂದು ಮಾತೈತೆ. ಎಸೆಯಾಕೆ ಮುಂಚೆ ಆಕೆ ಎಲ್ಲರ ಎದುರಿಗೆ ಆಣೆ ಮಾಡ್ಬೇಕು. ಕರ್ಪೂರ ಆರಿಸಿ."

ತಿಮ್ಮೇಶ್ ಸುಣ್ಣದ ಬುಟ್ಟಿಯನ್ನು ಕೆಳಗಿಟ್ಟ.

ನಮ್ಮ ಕಡೆಯ ಹಳ್ಳಿಗಳಲ್ಲಿ ಯಾರ ಮೇಲಾದರೂ ಆಪಾದನೆ ಬಂದರೆ ದೇವಿಯ ಹೆಸರಿನಲ್ಲಿ ಕರ್ಪೂರ ಹಚ್ಚುತ್ತಾರೆ. ಅದು ಉರಿಯುತ್ತಿರುವಾಗಲೇ ಬಲ ಅಂಗೈಯನ್ನು ಬಡಿದು ಆರಿಸಿ, ನನ್ನ ಕಡೆಯಿಂದ ತಪ್ಪಿಲ್ಲ ಎನ್ನಬೇಕು. ಆಮೇಲೆ ಆ ವಿಷಯವನ್ನು ಯಾರೂ ಎತ್ತುವಂತಿಲ್ಲ. ಕುರಿ ಕಳುವಿನಿಂದ ಹಿಡಿದು ಗ್ರಾಮ ಪಂಚಾಯಿತಿ ಚುನಾವಣೆಯವರೆಗೆ ಇದು ನಡೆದಿದೆ. ಅಧ್ಯಕ್ಷರ ಮುಖದಲ್ಲಿ ಕೆಡುಕು ಕಾಣಲಿಲ್ಲ. ಹುಡುಗಿಯನ್ನು ಪಾರು ಮಾಡುವ ಉಪಾಯ ತಮಗೆ ಹೊಳೆಯಿತೆಂದು ಅವರು ನಿಜವಾಗಿಯೂ ನಂಬಿದ್ದರು.

ಆ ಹುಡುಗಿ ದುರ್ಗಾಂಬಿಕಾ, ನಮಗೆಲ್ಲ ದುರ್ಗಿ. ಜಗಳೂರಿನ ಹತ್ತಿರದ ಹಳ್ಳಿಯ ಕುರಿ ಸಾಕುವ ಮನೆಯವಳು. ನ್ಯಾಮತಿಯ ಹಾಸ್ಟೆಲಿನಲ್ಲಿದ್ದುಕೊಂಡು ನಮ್ಮ ಶಾಲೆಯಲ್ಲಿ ಓದಿದಳು, ಭರ್ಜಿ ಹಿಡಿದದ್ದೂ ಅಲ್ಲಿಯೇ. ಕಳೆದ ವರ್ಷ ರಾಷ್ಟ್ರೀಯ ಕೂಟದಲ್ಲಿ ಬೆಳ್ಳಿ ಗೆದ್ದಾಗ ಜಗಳೂರಿನಿಂದ ಹೊನ್ನಾಳಿಯವರೆಗೆ ಅವಳ ಫ್ಲೆಕ್ಸ್ ಇಲ್ಲದ ವೃತ್ತವಿರಲಿಲ್ಲ. ಆ ಬೇಸಿಗೆಯಲ್ಲೇ ಚನ್ನಗಿರಿಯ ಮನೆತನಕ್ಕೆ ಮದುವೆಯಾಯಿತು. ಈ ಸೆಪ್ಟೆಂಬರಿನಲ್ಲಿ ಅವಳು ಗಂಡನ ಮನೆ ಬಿಟ್ಟಳು. ಅದೇ ವಾರ ಶಿವಮೊಗ್ಗದ ಒಂದು ಲಾಡ್ಜಿನ ಮೆಟ್ಟಿಲಿನಲ್ಲಿ ಅವಳೂ ಒಬ್ಬ ಗಂಡಸೂ ಇಳಿಯುತ್ತಿರುವ ಫೋಟೊ ಹೊರಬಂತು. ಗಂಡಸಿನ ಕೈಯಲ್ಲಿ ಅವಳ ಬ್ಯಾಗು. ವಿನೋದ್ ಎಂಬಾತನ ಯೂಟ್ಯೂಬ್ ಚಾನೆಲ್ ಅದನ್ನು ಕೆಂಪು ಬಾಣ ಹಾಕಿ ತೋರಿಸಿತು. ಫ್ಲೆಕ್ಸ್‌ಗಳು ಇಳಿದವು. ಗಟ್ಟಿ ಫ್ಲೆಕ್ಸನ್ನು ನಮ್ಮಲ್ಲಿ ಯಾರೂ ಬಿಸಾಡುವುದಿಲ್ಲ. ಜಗಳೂರಿನ ರಸ್ತೆ ಬದಿಯಲ್ಲಿ ಅವಳನ್ನು ಮುಖ ಕೆಳಗೆ ಮಾಡಿ ಹಾಸಿ ಮೇಲೆ ಮೆಕ್ಕೆಜೋಳ ಒಣಗಿಸಿದ್ದನ್ನು ನಾನೇ ಬಸ್ಸಿನ ಕಿಟಕಿಯಿಂದ ನೋಡಿದೆ.

ಅವಳು ನಮ್ಮ ಮನೆಗೆ ಬಂದು ಕೆಲವು ದಿನ ಇದ್ದಳು. ನಡೆದದ್ದನ್ನು ನನಗೆ ಹೇಳಿದಳು. ಹಾಗಾಗಿ ನನಗೆ ಗೊತ್ತು. ಇಲ್ಲಿ ಬರೆಯುವುದಿಲ್ಲ. ಓದುವವರು ಕರುಣೆಯಿಂದ ಅವಳಿಗೊಂದು ಒಳ್ಳೆಯ ಕಾರಣ ಊಹಿಸಿಕೊಡುವುದೂ ಬೇಡ. ಕಾರಣ ಅವಳನ್ನು ದೊಡ್ಡವಳನ್ನಾಗಿ ಮಾಡುವಂಥದ್ದಿರಬಹುದು, ಸಣ್ಣವಳನ್ನಾಗಿ ಮಾಡುವಂಥದ್ದೂ ಇರಬಹುದು. ಯಾವುದಿದ್ದರೂ ನನ್ನ ಉತ್ತರ ಇದೇ: ಹೇಳುವುದಿಲ್ಲ.

"ಯಾಕೆ ಆಣೆ ಮಾಡ್ಬೇಕು?" ಎಂದು ಅಧ್ಯಕ್ಷರನ್ನು ಕೇಳಿದೆ.

"ಯಾಕೆ ಅಂದ್ರೆ? ನಾವು ಆಕೆನ ತೆರೆದ ಜೀಪಲ್ಲಿ ಮೆರವಣಿಗೆ ಮಾಡಿದ್ವಿ. ನಿಮ್ಮಂಥ ಟೀಚರ್ರು ಕ್ಲಾಸಲ್ಲಿ ಆಕೆ ಹೆಸರು ಹೇಳಿ ಹುಡುಗ್ಯಾರಿಗೆ ಆಟ ಕಲಿಸಿದ್ರಿ. ಈಗ ಆ ಹುಡುಗ್ಯಾರ ಅಪ್ಪಂದಿರು ನನ್ನ ಕೇಳ್ತಾರೆ, ಏನ್ರೀ ಇದು ಅಂತ. ಏನ್ ಹೇಳ್ಲಿ?"

ಈ ಮಾತು ಸುಳ್ಳಾಗಿರಲಿಲ್ಲ. ನನ್ನ ತಂಡದ ಚೈತ್ರಾ ಎಂಬ ಹುಡುಗಿಯನ್ನು ಅವಳ ತಂದೆ ಅಕ್ಟೋಬರಿನಲ್ಲಿ ಬಿಡಿಸಿಕೊಂಡು ಹೋಗಿದ್ದರು. "ಎಸೆಯಾದು ಬ್ಯಾಡ, ಎಸೆದೋರ ಕತೆ ನೋಡಿದೀವಿ" ಎಂದಿದ್ದರು. ಎಡ ಪಾದವನ್ನು ಚೈತ್ರಾಳಷ್ಟು ಸರಿಯಾಗಿ ಊರುವ ಮಗು ನನಗೆ ಮತ್ತೆ ಸಿಗುವುದು ಕಷ್ಟ. ಅದು ನನಗೂ ನೋವು ಕೊಟ್ಟಿತ್ತು. ಒಂದು ರಾತ್ರಿ ದುರ್ಗಿಯ ಮೇಲೆ ಸಿಟ್ಟೂ ಬಂದಿತ್ತು.

ಆದರೂ ಯೋಚಿಸಿ ನೋಡಿದೆ. ಆಟದವರು ಜಗತ್ತಿಗೆ ಕೊಡಬೇಕಾದ ಲೆಕ್ಕ ಕಡಿಮೆಯೇನಲ್ಲ. ಉದ್ದೀಪನ ಮದ್ದಿನ ಪರೀಕ್ಷೆಯವರು ಬಂದರೆ ಅವಳು ಇನ್ನೊಬ್ಬರ ಕಣ್ಣೆದುರು ಮೂತ್ರ ಹಿಡಿದು ಕೊಡಬೇಕು. ದಿನದ ಯಾವ ಗಂಟೆಗೆ ಎಲ್ಲಿರುತ್ತೇನೆ ಎಂದು ಮೊದಲೇ ತಿಳಿಸಬೇಕು. ಅವಳು ಅದನ್ನೆಲ್ಲ ಗೊಣಗದೆ ಮಾಡಿದ್ದಾಳೆ. ಮದ್ದು ತೆಗೆದುಕೊಂಡರೆ ಭರ್ಜಿ ದೂರ ಹೋಗುತ್ತದೆ, ಆದ್ದರಿಂದ ಅದನ್ನು ಕೇಳುವ ಹಕ್ಕು ನಮಗಿದೆ. ಲಾಡ್ಜಿನ ಮೆಟ್ಟಿಲಿನಿಂದ ಭರ್ಜಿ ಒಂದು ಸೆಂಟಿಮೀಟರೂ ಮುಂದೆ ಹೋಗುವುದಿಲ್ಲ.

"ಆಣೆ ಮಾಡ್ಲಿಲ್ಲ ಅಂದ್ರೆ?"

"ಹೆಸರು ಕೈಬಿಡ್ತೀವಿ."

"ಪಟ್ಟಿಗೆ ರೆಫರಿ ಸಹಿ ಆಗಿದೆ. ಆ ರೆಫರಿ ನಾನೇ. ಇನ್ನು ಹೆಸರು ತೆಗೆಯೋದು ನನ್ನ ಕೈಲಿ."

"ಅಂಕಣ ನಿಮ್ಮ ಕೈಲಿ ಐತೆ ಮೇಡಂ. ಮೈದಾನ ನಮ್ಮ ಕೈಲಿ ಐತೆ," ಎಂದು ನಗುತ್ತಲೇ ಹೇಳಿ ಹೊರಟರು. ಹೋಗುವಾಗ ಮಾತ್ರ ಗೆರೆ ದಾಟಿ ಕಾಲಿಟ್ಟರು.

ರಾಜ್ಯ ಕೂಟಕ್ಕೆ ಜಿಲ್ಲೆಯಿಂದ ಹೋಗಲು ನಲವತ್ತೆಂಟು ಮೀಟರ್ ದಾಟಬೇಕಿತ್ತು, ಅದಕ್ಕೆ ಇದೇ ಕೊನೆಯ ಕೂಟ. ಇಂದು ಎಸೆಯದಿದ್ದರೆ ಅವಳ ವರ್ಷ ಮುಗಿದಂತೆ. ಬಹುಶಃ ಆಟವೇ ಮುಗಿದಂತೆ.

ಒಂಬತ್ತರ ಹೊತ್ತಿಗೆ ದುರ್ಗಿ ಬಂದಳು. ಜೊತೆಯಲ್ಲಿ ತಾಯಿ ಗಾದ್ರಮ್ಮ, ಕೈಯಲ್ಲಿ ವೈರಿನ ಬುಟ್ಟಿ. ಬುಟ್ಟಿಯಲ್ಲಿ ಹಿತ್ತಾಳೆ ತಟ್ಟೆ, ಅರಿಶಿನ ಕುಂಕುಮ, ಕರ್ಪೂರದ ಡಬ್ಬಿ. ಅಧ್ಯಕ್ಷರು ಹಿಂದಿನ ದಿನವೇ ಫೋನ್ ಮಾಡಿದ್ದರಂತೆ. ಮಗಳಿಗೆ ಬುಟ್ಟಿಯಲ್ಲೇನಿದೆ ಎಂದು ಗೊತ್ತಾದದ್ದು ನನ್ನೆದುರಿಗೇ.

"ಅವ್ವಾ, ನೀನೂನಾ?"

"ಬೈಬ್ಯಾಡ ತಾಯಿ. ನಲ್ಲಿ ತಾವ ನಿಂತ್ರೆ ಕೊಡ ತುಂಬೋಗಂಟ ನಿನ್ನ ಮಾತೇ. ಒಂದ್ಸಲ ಆರಿಸಿಬಿಡು. ಬಾಯಿ ಮುಚ್ತಾವೆ."

"ಏನಂತ ಆರಿಸ್ಲಿ?"

"ತಪ್ಪಿಲ್ಲ ಅನ್ನು."

"ಯಾವುದು ತಪ್ಪು ಅಂತ ಅವ್ರು ಹೇಳ್ಲಿ ಮೊದ್ಲು. ಲಾಡ್ಜಿಗೆ ಹೋಗಿದ್ದೆ. ಗಂಡನ ಮನೆ ಬಿಟ್ಟಿದೀನಿ. ಎರಡೂ ನಿಜ. ನಾನೇನು ಇಲ್ಲ ಅಂದ್ನಾ? ಯಾಕೆ ಅನ್ನಾದು ನಂದು."

"ನನಗಾದ್ರೂ ಹೇಳೇ."

"ನಿನಗೆ ಹೇಳಿದ್ರೆ ಸಂಜೆ ಒಳಗೆ ನಿನ್ನ ಮುಖ ನೋಡೇ ಊರೆಲ್ಲಾ ತಿಳ್ಕೊಂತೈತೆ. ಮುಚ್ಚಿಡಾಕೆ ಬರಲ್ಲ ನಿನಗೆ."

ಗಾದ್ರಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದರು. "ನೀವಾರ ಹೇಳ್ರಿ ಮೇಡಂನೋರೆ. ನಿಮ್ಮ ಮಾತು ಕೇಳ್ತಾಳೆ."

"ಎಸೆಯೋದರ ಬಗ್ಗೆ ಮಾತ್ರ ಕೇಳ್ತಾಳಮ್ಮ," ಎಂದೆ.

ಸ್ಪರ್ಧೆ ಶುರುವಾಯಿತು. ಮೊದಲ ಸುತ್ತಿನಲ್ಲಿ ದುರ್ಗಿಯದು ಕೊನೆಯ ಹೆಸರು. ಅದನ್ನು ಕರೆಯುವ ಹೊತ್ತಿಗೆ ಓಟದ ಪಥದ ಸುತ್ತ ಇತರ ಆಟಗಳನ್ನು ನೋಡುತ್ತಿದ್ದವರೆಲ್ಲ ನೆರೆದಿದ್ದರು. ಹೆಸರು ಕರೆದ ಮೇಲೆ ಆಟಗಾರರಿಗೆ ಎಸೆಯಲು ಒಂದು ನಿಮಿಷ. ನಾನು ಗಡಿಯಾರ ಒತ್ತುವ ಮೊದಲೇ ಚಿಕ್ಕಹನುಮಂತಪ್ಪನವರು ಗಾದ್ರಮ್ಮನ ತಟ್ಟೆ ಹಿಡಿದು ಪಥದ ನಡುವೆ ಬಂದು ನಿಂತರು. ಪಕ್ಕದಲ್ಲಿ ಫೋನ್ ಎತ್ತಿ ಹಿಡಿದ ವಿನೋದ್.

ಗಾಳಿಗೆ ಕಡ್ಡಿ ಆರಿತು. ಇನ್ನೊಂದು ಗೀಚಿದರು, ಅದೂ ಆರಿತು.

"ದೇವೀಗೇ ಇಷ್ಟ ಇಲ್ಲ ಕಣ್ರೀ," ಎಂದ ಜನರಲ್ಲೊಬ್ಬ. ನಗೆ ಎದ್ದಿತು. ಯಾರೋ ಟವೆಲ್ ಅಡ್ಡ ಹಿಡಿದರು. ಕರ್ಪೂರ ಹತ್ತಿಕೊಂಡಿತು.

ಪಥಕ್ಕೆ ಯಾರಾದರೂ ಅಡ್ಡ ಬಂದರೆ ಗಡಿಯಾರ ತಡೆದಿಡುವ ಅಧಿಕಾರ ರೆಫರಿಗಿದೆ. ನಾನು ಗುಂಡಿಯಿಂದ ಬೆರಳು ತೆಗೆದೆ. ದುರ್ಗಿ ನೋಡಿದಳು, ಬೇಡವೆಂದು ತಲೆಯಾಡಿಸಿದಳು.

"ಓಡ್ಲಿ ಮಿಸ್. ಯಾರ ದಯೇನೂ ಬ್ಯಾಡ." ನಾನು ಗುಂಡಿ ಒತ್ತಿದೆ.

"ಬಾರಮ್ಮ," ಎಂದರು ಅಧ್ಯಕ್ಷರು. "ಬಲಗೈ."

"ಬಲಗೈಲಿ ಜಾವೆಲಿನ್ ಐತೆ ಸಾರ್."

"ಅದನ್ನ ಕೆಳಗಿಟ್ಟು ಬಾ."

"ಎಡಗೈಲಿ ಮಾಡಿಸ್ರಿ ಅತ್ಲಾಗೆ," ಎಂದು ತಿಮ್ಮೇಶ್ ಅಂಕಣದೊಳಗಿನಿಂದ ಕೂಗಿದ.

"ಎಡಗೈ ಆಣೆ ಎಲ್ಲಾರ ಐತೇನ್ರೀ ಮೇಷ್ಟ್ರೇ?"

ವಿನೋದ್ ಫೋನನ್ನು ಅವಳ ಮುಖದ ಹತ್ತಿರ ತಂದ. "ಅಕ್ಕಾ, ಲೈವ್ ಐತೆ. ಹೇಳಲ್ಲ ಅಂದ್ರೆ ತಪ್ಪು ಒಪ್ಕೊಂಡಂಗೆ ಅಂತಾರೆ ಜನ."

"ಅನ್ಲಿ."

"ನೀವು ಸೆಲೆಬ್ರಿಟಿ ಅಕ್ಕಾ. ಬೆಳೆಸಿದ ಜನಕ್ಕೆ ತಿಳ್ಕೊಳ್ಳೋ ಹಕ್ಕಿಲ್ವಾ?"

"ನಾನು ಎಸೆದೆ, ಜನ ಚಪ್ಪಾಳೆ ಹೊಡೆದ್ರು. ಚಪ್ಪಾಳೆ ಹೊಡೆದೋರಿಗೆಲ್ಲಾ ನನ್ನ ಮನೆ ಬಾಗ್ಲು ತೆಗೀತೀನಿ ಅಂತ ಎಲ್ಲೂ ಹೇಳಿಲ್ಲ. ನೀನೂ ಈಗ ಫೇಮಸ್ಸು ಅಲ್ವೇನಪ್ಪಾ? ಕೊಡು ಆ ಫೋನು. ಒಳಗಿರೋ ಮೆಸೇಜ್ ನಾನೂ ಲೈವಲ್ಲೇ ಓದ್ತೀನಿ."

ವಿನೋದ್ ಫೋನನ್ನು ಎದೆಗೆ ಎಳೆದುಕೊಂಡ. ಜನ ಹೋ ಎಂದರು. ಅವನ ಲೈವ್ ನೋಡುತ್ತಿದ್ದವರಿಗೆ ಆ ಹೊತ್ತು ಅಂಗಿಯ ಗುಂಡಿ ಮಾತ್ರ ಕಂಡಿರಬೇಕು.

ಆದರೆ ಅಧ್ಯಕ್ಷರು ಕದಲಲಿಲ್ಲ. ತಟ್ಟೆಯಲ್ಲಿ ಕರ್ಪೂರ ದೊಡ್ಡದಾಗಿ ಉರಿಯುತ್ತಿತ್ತು. ಆಗ ಗಾದ್ರಮ್ಮ ಪಥದ ಸುತ್ತ ಕಟ್ಟಿದ್ದ ಹಗ್ಗ ಎತ್ತಿ ಒಳಗೆ ಬಂದರು. ಮಗಳ ಬಲಗೈ ಹಿಡಿಯಲು ಹೋದರು. ಹಿಡಿದು ತಟ್ಟೆಯ ಹತ್ತಿರ ತರುತ್ತಾರೆಂದೇ ಎಲ್ಲರೂ ತಿಳಿದೆವು. ಬಹುಶಃ ಅವರೂ ಹಾಗೆಂದೇ ಬಂದಿದ್ದರು. ಭರ್ಜಿಯ ಸುತ್ತ ಬಿಗಿದಿದ್ದ ಬೆರಳುಗಳನ್ನು ಮುಟ್ಟಿದವರು ಅಲ್ಲಿಯೇ ನಿಂತರು. ಅಂಗೈಯ ತುದಿಯಲ್ಲಿ ಕಾಯಿ ಕಟ್ಟಿದ ಚರ್ಮ, ಹಿಡಿತಕ್ಕೆಂದು ಹಚ್ಚಿದ ಬಿಳಿ ಪುಡಿ. ಕುರಿ ಕದ್ದನೆಂಬ ಆಪಾದನೆ ಹೊತ್ತವನು ಕೈ ಸುಟ್ಟುಕೊಂಡರೆ ಬೆಣ್ಣೆ ಹಚ್ಚಿಕೊಂಡು ನಾಲ್ಕು ದಿನ ಕೂರುತ್ತಾನೆ. ಈ ಕೈಗೆ ಈಗ, ಈ ನಿಮಿಷದಲ್ಲಿ ಕೆಲಸವಿತ್ತು. ಮೈದಾನದಲ್ಲಿದ್ದ ಅಷ್ಟೂ ಮಂದಿಗೆ, ಆಣೆಯ ಶಾಸ್ತ್ರ ಬಲ್ಲ ಹಿರಿಯರಿಗೂ, ಅದು ಹೊಳೆದಿರಲಿಲ್ಲ.

"ಈ ಕೈನಾ ಸುಡಾಕೆ ಹೊಂಟಿದ್ದು ನಾವು?" ಎಂದು ಗಾದ್ರಮ್ಮ ಅಧ್ಯಕ್ಷರನ್ನು ಕೇಳಿದರು.

"ಒಂದು ಕ್ಷಣ ಅಷ್ಟೇ ಗಾದ್ರಮ್ಮ. ನಿಮ್ಮ ಮಾನಕ್ಕೋಸ್ಕರಾನೇ..."

"ನನ್ನ ಮಾನ ನಾನು ನೋಡ್ಕಂತೀನಿ. ಕೊಡ್ರಿ ತಟ್ಟೆ."

ಕಿತ್ತುಕೊಂಡರು. ಉರಿಯುವ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಎಲ್ಲರಿಗೂ ಕೇಳುವಂತೆ ಹೇಳಿದರು. "ಆಕೆ ಹೇಳಲ್ಲ ಅಂತಾಳೆ. ಹೆತ್ತ ನನಗೇ ಹೇಳಿಲ್ಲ. ನಾನೇ ಸುಮ್ಕಿದೀನಿ ಅಂದಮ್ಯಾಲೆ ನಿಮ್ಮದೇನ್ರೀ? ಸರೀರಿ ಅತ್ಲಾಗೆ!"

ಸರಿದರು. ಅಧ್ಯಕ್ಷರು ತಮ್ಮದೇ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಹಗ್ಗದಾಚೆ ಹೋದರು. ಗಾದ್ರಮ್ಮ ತಟ್ಟೆಯನ್ನು ದೂರದಲ್ಲಿ ನೆಲಕ್ಕಿಟ್ಟು, ಯಾರ ಅಂಗೈಯೂ ತಾಕದೆ ಅದು ತಾನಾಗಿ ಉರಿದು ಹೋಗಲೆಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತರು.

ಹದಿನೈದು ಸೆಕೆಂಡು ಉಳಿದಿತ್ತು. ನಿಯಮದಂತೆ ನಾನು ಸಮಯ ಮುಗಿಯುತ್ತಿದೆ ಎಂಬ ಹಳದಿ ಬಾವುಟ ಎತ್ತಿದೆ. ಪೂರ್ತಿ ಓಟಕ್ಕೆಂದು ಹಿಂದೆ ನಡೆದು ಹೋಗುವಷ್ಟು ಸಮಯ ಅವಳಿಗಿರಲಿಲ್ಲ. ಇದ್ದಲ್ಲಿಂದಲೇ ಹೊರಟಳು. ಕೆಲವೇ ಹೆಜ್ಜೆ. ಮೈ ಹಿಂದಕ್ಕೆ ಬಾಗಿತು, ಎಡಗಾಲು ನೆಲಕ್ಕೆ ಗೂಟದಂತೆ ಊರಿತು, ತೋಳು ಎಲ್ಲಕ್ಕಿಂತ ಕೊನೆಗೆ ಬಂತು. ಗಂಟಲಿನಿಂದ ಒಂದು ಕೂಗು ಹೊರಟಿತು. ಅದರಲ್ಲಿ ಉತ್ತರವೇನೂ ಇರಲಿಲ್ಲ.

ಭರ್ಜಿ ಗಾಳಿಯಲ್ಲಿ ಸ್ವಲ್ಪ ಎಡಕ್ಕೆ ವಾಲಿ, ಸರಿಯಾಗಿ, ಮೂತಿ ಮೊದಲಾಗಿ ಇಳಿಯಿತು. ಅವಳ ಪಾದ ಗೆರೆಯ ಹಿಂದೆಯೇ ನಿಂತಿತ್ತು. ನಾನು ಬಾಗಿ ನೋಡಿದೆ. ಎಸೆತ ಸರಿಯೆಂದು ಬಿಳಿ ಬಾವುಟ ಎತ್ತಿದೆ.

ತಿಮ್ಮೇಶ್ ಓಡಿಹೋಗಿ ಮಣ್ಣಿನ ಗುರುತಿಗೆ ಉಕ್ಕಿನ ಟೇಪಿನ ಸೊನ್ನೆಯನ್ನು ಒತ್ತಿ ಹಿಡಿದ. ನಾನು ಈ ತುದಿಯನ್ನು ಎಳೆದು ಬಿಗಿ ಮಾಡಿದೆ. ಅಷ್ಟರಲ್ಲಿ ವಿನೋದ್ ಮತ್ತೆ ಹತ್ತಿರ ಬಂದಿದ್ದ, ಈ ಸಲ ನನ್ನ ಕಡೆಗೆ. ಹಿಂದೆ ಅಧ್ಯಕ್ಷರೂ ಇದ್ದರು. ಅವರ ಕಿವಿ ಇತ್ತಲೇ ಇತ್ತು.

"ಮೇಡಂ, ಆಕೆ ನಿಮ್ಮ ಮನೇಲೇ ಇದ್ಲಂತೆ. ನಿಮಗೆಲ್ಲಾ ಗೊತ್ತಂತೆ. ಜನಕ್ಕೆ ಒಂದೇ ಒಂದು ಮಾತು ಹೇಳ್ಬಿಡ್ರಿ."

"ಹೇಳ್ತೀನಿ," ಎಂದೆ. "ಫೋನ್ ಹತ್ತಿರ ತಾ. ಸರಿಯಾಗಿ ಕೇಳಿಸ್ಬೇಕು."

ಅವನು ತಂದ. ನಾನು ಮಂಡಿಯೂರಿ, ಎಸೆತದ ಕಮಾನು ಗೆರೆಯ ಒಳ ಅಂಚಿಗೆ ಸರಿಯಾಗಿ ಟೇಪನ್ನು ಓದಿ, ಅರ್ಧ ಸೆಂಟಿಮೀಟರನ್ನು ನಿಯಮದಂತೆ ಕೆಳಕ್ಕೆ ಬಿಟ್ಟು, ಅಂಕಿಯನ್ನು ಗಟ್ಟಿಯಾಗಿ ಹೇಳಿದೆ.

ಐವತ್ತೊಂದು ಮೀಟರ್ ಇಪ್ಪತ್ತೇಳು ಸೆಂಟಿಮೀಟರ್.