ಜಗಲಿಯ ಮೇಲಿಟ್ಟ ಗಾಜು

ಸಿದ್ದಲಿಂಗವ್ವನ ಮನೆಗೆ ಹೊರಗಿನಿಂದ ಏನೇ ಬರಲಿ, ಮೊದಲು ದೇವರ ಜಗಲಿಗೆ. ಸುಗ್ಗಿಯ ಮೊದಲ ತೆನೆ, ಲಗ್ನಪತ್ರ, ಔಷಧದ ಚೀಟಿ, ಯಾವುದೂ ಇದಕ್ಕೆ ಹೊರತಲ್ಲ. ಧಾರವಾಡದಿಂದ ಬೆಳಗಾವಿಗೆ ಹೊರಟ ಮಗಳು ರಾಜೇಶ್ವರಿ ಉಣ್ಣಲೆಂದು ಕಿತ್ತೂರಿನಲ್ಲಿ ಬಸ್ಸಿಳಿದು ಮನೆಗೆ ಬಂದಾಗ ಅವಳ ಕೈಯಲ್ಲೊಂದು ಕರಿ ಡಬ್ಬಿಯಿತ್ತು.

“ಏನದು?”

“ರಾಚವ್ವ ಚಿಗವ್ವನ ಎದಿಯೊಳಗಿನ ಗಡ್ಡಿ ಚೂರು. ಗಾಜಿನ ಮ್ಯಾಲ ಐತಿ. ಮುಟ್ಟಬ್ಯಾಡ.”

ಹೂಲಿಯ ರಾಚವ್ವ ಸಿದ್ದಲಿಂಗವ್ವನ ತಂಗಿ. ಜನ್ಮದಲ್ಲಿ ಬೀಡಿ ಮುಟ್ಟದವಳಿಗೆ ಶ್ವಾಸಕೋಶದ ಕ್ಯಾನ್ಸರ್. ಅದರ ಜೀವಕೋಶಗಳಲ್ಲಿ ಒಂದು ಜೀನು ಮುರಿದು ಬೇರೆಡೆ ಕೂಡಿಕೊಂಡಿದ್ದರೆ ಮಾತ್ರ ಬೆಳಗಾವಿಯ ಸಂಶೋಧನೆಯವರು ಹೊಸ ಗುಳಿಗೆ ಕೊಡುವವರು. ಹೊಳೆಯುವ ಬಣ್ಣ ಕಟ್ಟಿದ ಡಿಎನ್‌ಎ ಎಳೆಗಳನ್ನು, ಅಂದರೆ ಪ್ರೋಬುಗಳನ್ನು, ಜೀನಿನ ಎರಡೂ ಬದಿಗೆ ಅಂಟಿಸಿ ನೋಡುವುದು ರಾಜೇಶ್ವರಿಯ ಕೆಲಸ. ಜೀನು ನೆಟ್ಟಗಿದ್ದರೆ ಕೆಂಪು ಹಸಿರು ಚುಕ್ಕೆಗಳು ಒಂದಕ್ಕೊಂದು ಆತುಕೊಂಡಿರುತ್ತವೆ, ಮುರಿದಿದ್ದರೆ ಅಗಲುತ್ತವೆ. ಹಸಿರು ಇಲ್ಲದೆ ಕೆಂಪೊಂದೇ ಉಳಿದರೂ ಮುರಿದದ್ದೆಂದೇ ಲೆಕ್ಕ. ಆಕೆಯ ಧಾರವಾಡದ ಲ್ಯಾಬಿನ ಸೂಕ್ಷ್ಮದರ್ಶಕದ ದೀಪ ಕೆಟ್ಟಿದ್ದರಿಂದ ಬಣ್ಣ ಅಂಟಿಸಿದ ಗಾಜು ಬೆಳಗಾವಿಗೆ ಹೊರಟಿತ್ತು. ಚೂರು ಇದೇ ಕೊನೆಯದು. ಇನ್ನೊಮ್ಮೆ ಸೂಜಿ ತಡೆಯುವಷ್ಟು ಉಸಿರು ರಾಚವ್ವನಲ್ಲಿರಲಿಲ್ಲ.

ಉಂಡು, ಬಸ್ಸಿಗಿನ್ನೂ ಹೊತ್ತಿದೆಯೆಂದು ರಾಜೇಶ್ವರಿ ಅಡ್ಡಾದಳು. ಎದ್ದು ನೋಡಿದರೆ ಡಬ್ಬಿ ಜಗಲಿಯ ಮೇಲಿತ್ತು, ಮುಚ್ಚಳ ಬದಿಗಿತ್ತು. ಬೆಳಕಿಂಡಿಯ ಬಿಸಿಲು ನೇರ ಗಾಜಿನ ಮೇಲೆ.

“ಯವ್ವಾ, ಯಾವಾಗ ತೆಗದಿ?”

“ನೀ ಮಲಗಿದ ಕೂಡ್ಲೆ. ಮುಚ್ಚಿಟ್ಟರ ದೇವರಿಗೆ ಏನ ಕಾಣ್ತೈತಿ? ಗಾಜು ಮುಟ್ಟಿಲ್ಲ ನೋಡು, ನೀ ಹೇಳಿದಂಗ. ನಿನ್ನ ಮಾರ್ಕ್ಸ್ ಕಾರ್ಡೂ ಇಲ್ಲೇ ಇಟ್ಟಿದ್ದೆ.”

“ಅದಕ್ಕ ಗಣಿತದಾಗ ಮೂವತ್ತೈದು ಬಂದ್ವು.”

ಅವ್ವ ನಕ್ಕಳು. ರಾಜೇಶ್ವರಿ ಮುಚ್ಚಳ ಹಾಕಿದಳು. ಆ ಬಣ್ಣಗಳಿಗೆ ಕತ್ತಲೆಯೇ ಮನೆ, ಬಿಸಿಲು ತಿಂದುಬಿಡುತ್ತದೆ, ಹಸಿರನ್ನು ಮೊದಲು. ಮುಟ್ಟಬೇಡ ಎಂದಿದ್ದಳು, ತೆರೆಯಬೇಡ ಎಂದಿರಲಿಲ್ಲ.

ಬೆಳಗಾವಿಯ ಕತ್ತಲು ಕೋಣೆಯಲ್ಲಿ ಸಂಶೋಧನೆಯ ಮುಖ್ಯಸ್ಥ ಮಹಾದೇವ ಸರ್ ಪಕ್ಕದಲ್ಲೇ ಕುಳಿತರು. ಐವತ್ತು ಜೀವಕೋಶ ನೋಡಿದ್ದಾಯಿತು. ಎಲ್ಲದರಲ್ಲೂ ಕೆಂಪು; ಹಸಿರು ಒಂದರಲ್ಲೂ ಇಲ್ಲ.

“ಪಾಸಿಟಿವ್ ಬಂತಲ್ರಿ. ನಿಮ್ಮ ಚಿಗವ್ವನ ನಸೀಬ ಛಲೋ ಐತಿ. ಬರೀರಿ, ಸೋಮವಾರ ಗುಳಿಗಿ ಚಾಲೂ ಮಾಡೂಣು,” ಎಂದು ಅವರು ಎದ್ದರು.

ಗಡ್ಡೆಯ ಅಂಚಿನಲ್ಲಿ ರೋಗವಿಲ್ಲದ, ಎರಡೂ ಬಣ್ಣ ಇರಲೇಬೇಕಾದ ಕೆಲವು ಜೀವಕೋಶಗಳಿದ್ದವು. ಆಕೆ ಗಾಜನ್ನು ಅತ್ತ ಸರಿಸಿದಳು. ಅಲ್ಲೂ ಹಸಿರಿರಲಿಲ್ಲ.

ಒಂದು ಸಹಿ ಸಾಕಿತ್ತು. ಜೀನು ನಿಜಕ್ಕೂ ಮುರಿದಿದ್ದರೂ ಮುರಿದಿರಬಹುದು. ಮುರಿಯದಿದ್ದರೆ ಚಿಗವ್ವನ ಹೊಟ್ಟೆಗೆ ಬರೀ ಸಂಕಟ ಸುರಿದಂತೆ. ಅವ್ವ ದಿನಾ ಪೂಜೆಗೆ ಕುಳಿತು ಹೇಳುತ್ತಿದ್ದ ವಚನಗಳನ್ನು ಕೇಳುತ್ತಲೇ ಬೆಳೆದವಳು ಆಕೆ. ಈಗ ಒಂದು ಸಾಲೂ ನೆನಪಾಗಲಿಲ್ಲ.

“ಸರ್, ಛಲೋ ಇರೋ ಕೋಶದಾಗೂ ಹಸಿರಿಲ್ರಿ. ಡಬ್ಬಿ ಬಿಸಿಲಿಗೆ ತೆರದಿತ್ತು.”

ಅವರು ಮತ್ತೆ ಕುಳಿತು ಕಣ್ಣಿಟ್ಟರು.

“ಬ್ಯಾರೆ ಚೂರು?”

“ಇಲ್ರಿ.”

‘ಓದಲಾಗದು’ ಎಂದು ಬರೆದು ಸಹಿ ಹಾಕಿದಳು.

ಬಸ್ ನಿಲ್ದಾಣ ಸೇರುವಷ್ಟರಲ್ಲಿ ಅವ್ವನ ಫೋನು.

“ಏನ ಕಂಡ್ತಬೇ?”

“ಏನೂ ಕಾಣಲಿಲ್ಲ, ಯವ್ವಾ.”

“ಒಂದ ತಾಸು ದೇವರ ಮುಂದ ಇಟ್ಟಿದ್ದೆ,” ಎಂದಳು ಅವ್ವ. “ಇನ್ನೊಂದೀಟು ಇಟ್ಟಿದ್ರ ಆಗ್ತಿತ್ತೇನೋ.”

ರಾಜೇಶ್ವರಿ ಖಾಲಿ ಡಬ್ಬಿಯ ಮುಚ್ಚಳವನ್ನು ಒತ್ತಿ ಹಿಡಿದಳು.

“ನನಗ ಬಸ್ಸಿತ್ತಲ್ಲ, ಯವ್ವಾ,” ಎಂದಳು.