ಕೆಂಪು ಚೀಟಿಯ ಕೆಳಗಿನ ಸಾಲು

ಗ್ಯಾಸ್ ಒಲೆ ರಿಪೇರಿ ಮಾಡುವವನಿಗೆ ಬೆಂಕಿಪೊಟ್ಟಣ ಅಂತ ಅಡ್ಡಹೆಸರಿಡಲು ಆಫೀಸಿನವರಿಗೆ ಅದೆಲ್ಲಿಂದ ಧೈರ್ಯ ಬಂತೋ! ಹೆಸರೇನೂ ಸುಳ್ಳಲ್ಲ ಬಿಡಿ. ಗೀರಿದರೆ ಸಾಕು, ಹತ್ತಿಕೊಳ್ಳುವ ಮನುಷ್ಯ. ಆ ಬೆಳಿಗ್ಗೆ ಹೆಣಭಾರದ ಚೀಲ ಹೊತ್ತು ನಾಲ್ಕು ಮಹಡಿ ಹತ್ತಿ ಬಂದವನಿಗೆ, ಅಜ್ಜಿಯ ಅಡುಗೆಮನೆಯಲ್ಲಿ ಫಳಫಳ ಹೊಳೆಯುವ ಒಲೆ ಕಂಡು ಮೈಯೆಲ್ಲ ಉರಿದುಹೋಯಿತು.

ಹಚ್ಚಿ ನೋಡಿದ. ನೀಲಿ ಉರಿ, ಒಂದಿಷ್ಟೂ ಅಲುಗಾಡಲಿಲ್ಲ. ರಬ್ಬರ್ ಪೈಪಿಗೆ ಸೋಪಿನ ನೀರು ಹಚ್ಚಿದ. ಒಂದು ಗುಳ್ಳೆಯೂ ಏಳಲಿಲ್ಲ.

"ಇದಕ್ಕೇನಾಗಿದೆ ಅಂತ ಅರ್ಜಿ ಹಾಕಿದ್ರಿ ಅಜ್ಜಿ?"

"ಅರ್ಜಿ ಹಾಕಿದ್ದು ಆಸ್ಪತ್ರೆ ನರ್ಸಮ್ಮ, ನಾನಲ್ಲ. ಒಲೆಗೇನೂ ಆಗಿಲ್ಲ. ನೋಡಿ ಆಯ್ತಲ್ಲ, ಹೊರಡಿ."

ಒಲೆ ರಿಪೇರಿಗೆ ಕೈಯಲ್ಲಿ ಕಾಸಿಲ್ಲದ ಮನೆಗಳಿಗೆಂದು ಗ್ಯಾಸ್ ಕಂಪನಿ ಆ ವರ್ಷವಷ್ಟೇ ಸಹಾಯ ನಿಧಿ ತೆರೆದಿತ್ತು. ಎಪ್ಪತ್ತು ಮನೆಗಳು ಸಾಲಿನಲ್ಲಿದ್ದವು. ದೋಷವಿಲ್ಲ ಎಂದು ಬರೆದುಬಿಟ್ಟರೆ ಮುಂದೆ ಎರಡು ವರ್ಷ ಆ ಮನೆಯತ್ತ ಯಾರೂ ತಲೆಹಾಕುವಂತಿಲ್ಲ. ಬರೆಯೋಣವೆಂದು ಅವನು ಪೆನ್ನು ತೆಗೆದ. ಅಷ್ಟರಲ್ಲಿ ಬಾಗಿಲ ಬಳಿ ಅಜ್ಜಿಯ ಮೊಮ್ಮಗಳು ಕಂಡಳು. ಎಂಟು ವರ್ಷದ ಹುಡುಗಿ, ಎರಡೂ ಅಂಗೈಗಳಿಂದ ಹಣೆ ಒತ್ತಿಕೊಂಡು ಕೂತಿದ್ದಳು. 'ಮಗುವಿಗೆ ದಿನಾ ತಲೆನೋವು, ವಾಂತಿ. ಒಲೆ ಪರೀಕ್ಷಿಸಿ' ಎಂದು ನರ್ಸು ಅರ್ಜಿಯಲ್ಲಿ ಬರೆದದ್ದು ನೆನಪಾಯಿತು.

ಅವನು ಮತ್ತೊಮ್ಮೆ ಒಲೆ ನೋಡಿದ. ಒಲೆಯ ಕಾಲುಗಳು ಒಂದು ಕಡೆ, ಕಟ್ಟೆಯ ಮೇಲಿನ ತುಕ್ಕಿನ ನಾಲ್ಕು ಗುರುತುಗಳು ಗೇಣುದ್ದ ಆಚೆ. ಹಿಂದಿನ ಗೋಡೆಯೋ, ಎಷ್ಟು ತಿಕ್ಕಿದ್ದರೂ ಕಪ್ಪು. ನೀಲಿ ಉರಿ ಗೋಡೆಗೆ ಮಸಿ ಬಳಿಯುವುದಿಲ್ಲ.

"ಅಜ್ಜಿ, ಈ ಒಲೆ ಯಾರದ್ದು?"

ಅಜ್ಜಿ ಬಾಯಿ ತೆರೆಯುವ ಮೊದಲೇ ಪಕ್ಕದ ಮನೆಯ ಟೈಲರಮ್ಮ ಹೊರಗಿನಿಂದಲೇ ಕೂಗಿದಳು. "ಹೋದ್ನಾ ಆ ಮಹಾರಾಯ? ಒಲೆ ಕೊಡಿ, ನಾನಿನ್ನೂ ಒಂದು ಗುಟುಕು ಟೀ ಕುಡಿದಿಲ್ಲ!" ಒಳಗೆ ಬಂದು ಅವನನ್ನು ಕಂಡವಳು ನಾಲಿಗೆ ಕಚ್ಚಿಕೊಂಡಳು.

ಜನ ತಪಾಸಣೆಗೆಂದು ಮನೆ ಗುಡಿಸುವುದುಂಟು. ಒಲೆಯನ್ನೇ ಕಡ ತರುವುದೆಂದರೇನು! ಬೆಂಕಿಪೊಟ್ಟಣ ಇನ್ನೇನು ಹತ್ತಿಕೊಳ್ಳಬೇಕು, ಅಷ್ಟರಲ್ಲಿ ಅಜ್ಜಿ ಬಗ್ಗಿ, ಮಂಚದ ಕೆಳಗಿಂದ ಹಳೇ ಬೆಡ್‌ಶೀಟಿನ ಗಂಟೊಂದನ್ನು ಎಳೆದಳು. ಗಂಟಿನೊಳಗೆ ಅವಳ ಒಲೆ, ಒಲೆಯ ಮೇಲೆ ಬಣ್ಣ ಮಾಸಿದ ಒಂದು ಕೆಂಪು ಚೀಟಿ.

"ಐದು ವರ್ಷದ ಹಿಂದೆ ಒಬ್ಬ ಬಂದ. ಅಪಾಯ ಅಂದ, ಗ್ಯಾಸ್ ಬಂದ್ ಮಾಡ್ದ, ಈ ಚೀಟಿ ಕಟ್ಟಿ ಹೋದ. ರಿಪೇರಿಗೆ ದುಡ್ಡೆಲ್ಲಿಂದ ತರ್ಲಿ? ನಲವತ್ತು ದಿನ ಈ ಟೈಲರಮ್ಮನ ಅಡುಗೆ ಯಾವಾಗ ಮುಗಿಯುತ್ತೋ ಅಂತ ಕಾದು ಕಾದು ಬೇಯಿಸ್ಕೊಂಡೆ. ಮಗು ಆಗ ಮೂರು ವರ್ಷದ್ದು. ಹಾಲು ಕಾಯಿಸೋಕೂ ಇನ್ನೊಬ್ಬರ ಬಾಗಿಲು. ಕೊನೆಗೆ ನಾನೇ ಚೀಟಿ ಕಿತ್ತು ಗ್ಯಾಸ್ ಬಿಟ್ಕೊಂಡೆ. ಮತ್ತೆ ಬಂದ್ ಮಾಡಿಬಿಟ್ರೆ ಅಂತ ಭಯ ಕಣ್ರಿ. ಅದಕ್ಕೇ ಇದನ್ನ ಬಚ್ಚಿಟ್ಟೆ."

ಅವನು ಚೀಟಿ ಓದಿದ. 'ಅಪಾಯ. ಬಳಸಬೇಡಿ.' ಕೆಳಗೆ ಸಹಿ. ಬಲಕ್ಕೆ ವಾಲಿದ ಆ ಅಕ್ಷರ ಅವನದೇ. ಇವತ್ತು ಒಂದು ಮನೆ ಉಳಿಸಿದೆ ಎಂದು ಅಂದು ಕ್ಯಾಂಟೀನಿನಲ್ಲಿ ಜಂಬ ಕೊಚ್ಚಿದ್ದ. ಅದೂ ಸುಳ್ಳಲ್ಲ. ಆದರೆ ಆ ರಾತ್ರಿ ಆ ಮನೆಯವರು ಏನು ಉಂಡರು ಎಂಬ ಯೋಚನೆ ಅವನ ತಲೆಗೆ ಬಂದಿರಲೇ ಇಲ್ಲ. ಸಹಿಯ ಕೆಳಗೆ ಇನ್ನೊಂದು ಸಾಲಿತ್ತು, 'ಸರಿಪಡಿಸಿದವರು.' ಅದರ ಮುಂದೆ ಖಾಲಿ. ಅವನಿಗೆ ತುಂಬ ನಾಚಿಕೆಯಾಯಿತು.

"ಆ ಮನುಷ್ಯ ನಾನೇ ಅಜ್ಜಿ."

"ಗೊತ್ತು. ಬಾಗಿಲು ತೆಗೆದಾಗ್ಲೇ ನನ್ನ ಎದೆ ಧಸಕ್ ಅಂತು."

ಅವನು ಕಿಟಕಿ ತೆರೆದು, ಅಜ್ಜಿಯ ಒಲೆ ಜೋಡಿಸಿ ಹಚ್ಚಿದ. ಹಳದಿ ಉರಿ ಗೇಣುದ್ದ ಎದ್ದಿತು. ತಕ್ಷಣ ಆರಿಸಿದ.

"ಮಗುಗೆ ತಲೆನೋವು ಇದರಿಂದ್ಲೇ. ಗ್ಯಾಸ್ ಅರೆಬರೆ ಉರಿದ್ರೆ ವಾಸನೇನೇ ಇಲ್ಲದ ವಿಷ ಹೊರಡುತ್ತೆ. ಇದನ್ನ ಹೀಗೇ ಬಿಟ್ಟು ಹೋಗೋಕಾಗಲ್ಲ."

ಅಜ್ಜಿ ಮಂಚದ ಅಂಚಿಗೆ ಕುಸಿದಳು. "ಹಾಗಾದ್ರೆ ಮತ್ತೆ ಚೀಟಿ?"

ಅವನು ಆಫೀಸಿಗೆ ಫೋನು ಮಾಡಿದ. ನಿಧಿ ನೋಡಿಕೊಳ್ಳುವ ಮೇಡಂ ನಿಯಮ ಹೇಳಿದರು. ಬಂದ್ ಮಾಡಿ, ಚೀಟಿ ಕಟ್ಟಿ, ಫಾರಂ ಕಳಿಸಿ. ಒಪ್ಪಿಗೆಗೆ ಮೂರು ವಾರ.

ಬೆಂಕಿಪೊಟ್ಟಣ ಭಗ್ಗನೆ ಹತ್ತಿಕೊಂಡಿತು. "ಮೂರು ವಾರ ಈ ಮಗು ಏನು ತಿನ್ನುತ್ತೆ ಅಂತ ಬರೆಯೋಕೆ ನಿಮ್ಮ ಫಾರಂನಲ್ಲಿ ಜಾಗ ಇದ್ಯಾ ಮೇಡಂ? ಬಿಡಿಭಾಗ ನನ್ನ ಚೀಲದಲ್ಲೇ ಇದೆ. ನೀವು ಹೂಂ ಅನ್ನೋವರೆಗೂ ನಾನು ಈ ಮನೆ ಬಿಟ್ಟು ಕದಲಲ್ಲ."

ಆ ಕಡೆಯಿಂದ ಒಂದು ನಿಟ್ಟುಸಿರು ಬಂತು. "ಸರಿ ಮಾರಾಯ, ನನ್ನ ಜವಾಬ್ದಾರಿ. ಶುರು ಮಾಡು."

ಬರ್ನರ್ ಎರಡೂ ಹೊಸದು, ತಿರುಗಣೆ ಹೊಸದು, ಪೈಪು ಹೊಸದು. ಟೈಲರಮ್ಮ ತನ್ನ ಒಲೆ ಹೊತ್ತೊಯ್ದು, ಮಗುವಿಗೆ ತಿಂಡಿ ಮಾಡಿ ತಂದಳು. ಮಧ್ಯಾಹ್ನ ಅಜ್ಜಿಯ ಒಲೆಯ ಮೇಲೆ ನೀಲಿ ಉರಿ ಅರಳಿದಾಗ ಅಜ್ಜಿ ಸೆರಗಿನ ಗಂಟಿಗೆ ಕೈಹಾಕಿದಳು.

"ಬಿಡಿಗಾಸೂ ಬೇಡ. ನಿಧಿ ಇರೋದೇ ಇದಕ್ಕೆ," ಎಂದವನು ಹಳೇ ಚೀಟಿ ಎತ್ತಿಕೊಂಡ. ಖಾಲಿ ಸಾಲಿನ ಮುಂದೆ ತನ್ನ ಸಹಿ ಹಾಕಿ, ಇವತ್ತಿನ ತಾರೀಖು ಬರೆದ. "ತಡವಾಯ್ತು ಅಜ್ಜಿ. ಐದು ವರ್ಷ."

ಅಜ್ಜಿ ಚೀಟಿ ಇಸಿದುಕೊಂಡು ನೋಡಿದಳು. ಆಮೇಲೆ ಒಲೆಯ ಮೇಲೆ ಪಾತ್ರೆ ಇಟ್ಟಳು. ಬೆಳಗಿನಿಂದ ಆಡುತ್ತಿದ್ದ ಬಹುವಚನ ಎಲ್ಲಿ ಹೋಯಿತೋ.

"ಅವತ್ತು ಚೀಟಿ ಕಟ್ಟಿ ಓಡಿದ್ಯಲ್ಲ," ಎಂದಳು. "ಇವತ್ತು ಉಂಡ್ಕೊಂಡು ಹೋಗು. ಕೂತ್ಕೋ."

ಬೆಂಕಿಪೊಟ್ಟಣ ಚೀಲ ಬದಿಗಿಟ್ಟು, ಚಕ್ಕಳಮಕ್ಕಳ ಹಾಕಿ ಕೂತ.