ಯಾರ ಕೈಯನ್ನೂ ಬಿಡದ ಕುರುವೆ

ಪಡುಬೈಲು ಗುತ್ತಿನ ಧಣಿಗಳ ಮನೆಯಲ್ಲಿ ಸೊಸೆ ಗಂಡು ಹೆತ್ತಳು. ಗುತ್ತಿನ ಹಿಂದಿನ ಗುಡ್ಡದಲ್ಲಿ ಚನಿಯನಿಗೆ ಮಾತು ನಿಂತಿತು. ಊರಿನವರು ಈ ಎರಡು ಸುದ್ದಿಯನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು, ಮೊದಲನೆಯದು ಫಲಿಸಿತೆನ್ನುವುದಕ್ಕೆ ಎರಡನೆಯದೇ ಸಾಕ್ಷಿ ಎಂಬಂತೆ.

ಮೂಡುಬಿದಿರೆಯಿಂದ ಅಳದಂಗಡಿಯ ಕಡೆಗೆ ಹೋಗುವ ದಾರಿಯಲ್ಲಿ, ಬಸ್ಸಿನ ಧೂಳೂ ಹತ್ತದಷ್ಟು ಒಳಗೆ, ಆ ಗುಡ್ಡದ ಮೇಲೆ ಕೊರಗರ ಆರು ಗುಡಿಸಲುಗಳ ಕೊಪ್ಪವಿತ್ತು. ಶನಿವಾರ ಹುಟ್ಟಿದವನು ಚನಿಯ. ಶುಕ್ರವಾರ ಹುಟ್ಟಿದ ಅವನ ಹೆಂಡತಿ ತುಕ್ರು. ಆದಿತ್ಯವಾರದ ಮುದುಕಿ ಐತೆ. ಹುಟ್ಟಿದ ವಾರವನ್ನೇ ಹೆಸರು ಮಾಡಿ ಕೂಗುವುದು ಧಣಿಗಳಿಗೆ ಸುಲಭವಾಗಿತ್ತು. ಕೂಗಿಸಿಕೊಳ್ಳುವವರನ್ನು ಯಾರೂ ಕೇಳಿರಲಿಲ್ಲ.

ಸೊಸೆ ಹೆರುವ ಮುಂಚೆ ಒಂದು ದಿನ ನಡುಮಧ್ಯಾಹ್ನ ಗುತ್ತಿನ ಅಂಗಳದಲ್ಲಿ ನಡೆದದ್ದನ್ನು ತುಕ್ರು ಬೇಲಿಯಾಚೆ ನಿಂತು ಕಣ್ಣಾರೆ ಕಂಡಿದ್ದಳು. ಬಾಳೆಲೆಯಲ್ಲಿ ಅನ್ನ. ಅನ್ನದ ಮೇಲೆ ಎಣ್ಣೆ. ಎಣ್ಣೆಯಲ್ಲಿ ಕಲಸಿದ್ದು ಬಸುರಿ ಸೊಸೆಯ ಕೂದಲು, ಉಗುರು. ಅದನ್ನು ಕೊರಗನೊಬ್ಬ ಉಂಡರೆ ಹೊಟ್ಟೆಯ ಮಗುವಿನ ಕೇಡು ಕಳೆದುಹೋಗುತ್ತದಂತೆ. ಕಳೆದದ್ದು ಎಲ್ಲಿಗೆ ಹೋಗುತ್ತದೆಂದು ಗುತ್ತಿನಲ್ಲಿ ಯಾರೂ ಕೇಳುವುದಿಲ್ಲ. ಇಂಥದ್ದನ್ನು ತಿಪ್ಪೆಯೂ ಕೇಳುವುದಿಲ್ಲವಲ್ಲ. ದಿಲ್ಲಿಯಲ್ಲಿ ಅಸ್ಪೃಶ್ಯತೆ ಅಪರಾಧವೆಂದು ಕಾನೂನಾಗಿ ಮೂರು ವರ್ಷವಾಗಿತ್ತು. ಆ ಕಾನೂನು ಬಂಟ್ವಾಳದವರೆಗೆ ಬಸ್ಸಿನಲ್ಲಿ ಬಂದು, ಮುಂದೆ ನಡೆಯಲಾರೆನೆಂದು ಅಲ್ಲೇ ಕಾಲು ಚಾಚಿ ಕುಳಿತಿತ್ತು.

ಚನಿಯ ಉಂಡ. ಅಂದು ತುಕ್ರುವೂ ಏಳು ತಿಂಗಳ ಬಸುರಿ.

ಅವಳಿಗೆ ಹುಟ್ಟಿದ ಹೆಣ್ಣುಕೂಸು ಹನ್ನೊಂದು ದಿನ ಬದುಕಿತು. ಜ್ವರ ಬಂತು, ಹಾಲು ಬಿಟ್ಟಿತು, ಹೋಯಿತು. ಅದನ್ನು ಮಣ್ಣು ಮಾಡಿ ಬಂದ ಚನಿಯ ಗುಡಿಸಲಿನ ಮುಂದೆ ಕುಳಿತ, ಕುಳಿತವನು ಏಳಲಿಲ್ಲ. ಬಾಯಿಗೆ ಬೆರಳು ಹಾಕಿ ಏನನ್ನೋ ಹಿಡಿದೆಳೆಯುವುದು, ಬೆರಳನ್ನು ಬಿಸಿಲಿಗೆ ಹಿಡಿದು ನೋಡುವುದು, ಮತ್ತೆ ಬಾಯಿಗೆ ಹಾಕುವುದು. ಕೂದಲು ಹುಡುಕುತ್ತಿದ್ದಾನೆಂದು ತುಕ್ರುವಿಗೆ ಮೂರನೆಯ ದಿನ ಹೊಳೆಯಿತು. ಪರರ ಕೇಡನ್ನು ನುಂಗಿ ತಂದು ತನ್ನ ತೊಟ್ಟಿಲಿಗೆ ಹಾಕಿದೆನೆಂದು ಅವನ ಎಣಿಕೆ. ಅವನೇ ಅದನ್ನು ಹೇಳಲಿಲ್ಲ. ಏನನ್ನೂ ಹೇಳಲಿಲ್ಲ. ಊಡಿಸಿದ್ದರಲ್ಲಿ ಹೆಚ್ಚಿನದನ್ನು ಉಗಿಯುತ್ತಿದ್ದ. ಸೊಂಟದ ಎಲುಬು ಎದ್ದು ಕಾಣತೊಡಗಿತು. ಹೀಗೇ ಇನ್ನೊಂದು ತಿಂಗಳು ಹೋದರೆ ಕೂಸಿನ ಪಕ್ಕದಲ್ಲೇ ಅವನಿಗೂ ಗುಂಡಿ ತೋಡಬೇಕಾದೀತೆಂದು ತುಕ್ರುವಿಗೆ ಗೊತ್ತಿತ್ತು.

"ಸಂಕೋಲೆ ಹಾಕಿ" ಎಂದು ಬಯಲಿನವರು ಹೇಳಿ ಕಳುಹಿಸಿದರು.

ಐತಜ್ಜಿ ಮಾತ್ರ ಬಂದು ಚನಿಯನ ಎದುರು ಕುಕ್ಕರುಗಾಲಿನಲ್ಲಿ ಕುಳಿತಳು. ಕಣ್ಣಿಗೆ ಪೊರೆ ಬಂದಿದ್ದ ಮುದುಕಿ. ಅವನ ಹೆಬ್ಬೆರಳನ್ನು ಹಿಡಿದು ಒತ್ತಿ ನೋಡಿದಳು.

"ಕೈ ಸತ್ತಿಲ್ಲ. ನಾಳೆಯಿಂದ ಸುತ್ತಿಗೆ ಕೂರುವ" ಎಂದಳು.

ಆ ಕೊಪ್ಪಕ್ಕೆ ಅದರದೇ ಒಂದು ಕಟ್ಟಳೆಯಿತ್ತು. ಒಬ್ಬರ ಮನಸ್ಸು ಮುರಿದು ಒಳಗೆ ಬಿದ್ದರೆ ಆರು ಗುಡಿಸಲೂ ತಮ್ಮ ತಮ್ಮ ಹೆಣಿಗೆ ಬಿಟ್ಟು ಒಟ್ಟಿಗೆ ಕೂರಬೇಕು, ಒಂದೇ ಒಂದು ಕುರುವೆ ಕಟ್ಟಬೇಕು. ಕುರುವೆಯೆಂದರೆ ಕಾಡುಬಳ್ಳಿಯ ಬುಟ್ಟಿ. ಒಬ್ಬೊಬ್ಬರು ಒಂದೊಂದು ಸುತ್ತು ಹೆಣೆದು ಪಕ್ಕದವರಿಗೆ ದಾಟಿಸಬೇಕು. ಬುಟ್ಟಿ ಯಾರ ಕೈಯನ್ನೂ ಬಿಟ್ಟು ಮುಂದೆ ಹೋಗುವಂತಿಲ್ಲ. ಮುರಿದವನ ಎದುರು ಬಂದಾಗ ಅವನು ತನ್ನ ಸುತ್ತು ಹೆಣೆಯುವವರೆಗೆ ಅದು ಅಲ್ಲೇ ಇರಬೇಕು. ಹೆಣೆ ಎನ್ನಬಾರದು, ಗದರಬಾರದು, ಅಳಬಾರದು. ಹೊತ್ತು ಇಳಿದರೆ ಎದ್ದು, ಮರುದಿನ ಮತ್ತೆ ಅಲ್ಲಿಂದಲೇ. ಅಷ್ಟು ದಿನ ಬೇರೆ ಬುಟ್ಟಿಯಿಲ್ಲ. ಬುಟ್ಟಿಯಿಲ್ಲದಿದ್ದರೆ ಅಕ್ಕಿಯಿಲ್ಲ. ಗೆಡ್ಡೆ ಅಗೆದು, ಸೊಪ್ಪು ಬೇಯಿಸಿ ದಿನ ದೂಡಬೇಕು. ಒಬ್ಬನ ಮೌನಕ್ಕಾಗಿ ಇಪ್ಪತ್ತಮೂರು ಹೊಟ್ಟೆಗಳು ಕಾಯುವ ಈ ಕಟ್ಟಳೆಯನ್ನು ಯಾವ ಪಂಡಿತನೂ ಬರೆದಿಡಲಿಲ್ಲ. ಬರೆಯಬಲ್ಲವರು ಆಗ ಆ ಗುಡ್ಡ ಹತ್ತುತ್ತಿರಲಿಲ್ಲ.

ಕುರುವೆಯ ಬುಡವನ್ನು ಐತಜ್ಜಿಯೇ ಹಾಕಿದಳು. ಐದು ಕೈ ದಾಟಿ ಬಂದು ಅದು ಚನಿಯನ ಎದುರು ನಿಂತಿತು. ನಿಂತೇ ಇತ್ತು.

ಉಳಿದವರು ಏನೂ ಆಗದವರಂತೆ ಹರಟುತ್ತಿದ್ದರು. ಅದೂ ಕಟ್ಟಳೆಯೇ. ಎಲ್ಲರಿಗಿಂತ ಹೆಚ್ಚು ಬಾಯಿ ದೂಮನದು, ಪಕ್ಕದ ಗುಡಿಸಲಿನವನು.

"ಅಜ್ಜಿ, ನನ್ನ ತಲೆ ಯಾವಾಗ ಕೆಡ್ತದೆ ಅಂತ ಮೊದಲೇ ಹೇಳಿಬಿಡಿ. ಗೆಡ್ಡೆ ಸಿಗುವ ತಿಂಗಳಲ್ಲೇ ಕೆಡಿಸಿಕೊಳ್ತೇನೆ."

"ನಿನ್ನದು ಕೆಟ್ಟರೆ ನಮಗೆ ಗೊತ್ತಾಗುವುದು ಹೇಗೆ ಮಾರಾಯ? ಈಗಲೂ ಹೀಗೇ ಅಲ್ವಾ ನೀನು?" ಎಂದಳು ಐತಜ್ಜಿ.

ಎಲ್ಲರೂ ನಕ್ಕರು. ಚನಿಯನ ಬೆರಳು ಬಾಯಿಯಲ್ಲೇ ಇತ್ತು. ತುಕ್ರು ಸುತ್ತಿನ ಹೊರಗೆ, ಗಂಡನ ಬೆನ್ನ ಹಿಂದೆ ನಿಂತಿದ್ದಳು. ನೀರು ತರುತ್ತ, ಗೆಡ್ಡೆ ಬೇಯಿಸುತ್ತ, ನೊಣ ಓಡಿಸುತ್ತ.

ಐದನೆಯ ದಿನ ಅವಳಿಂದ ಒಂದು ತಪ್ಪು ನಡೆಯಿತು. ಬೆಳಿಗ್ಗೆ ಎಲ್ಲರೂ ಬಳ್ಳಿ ನೆನೆಹಾಕಲು ತೋಡಿಗೆ ಹೋಗಿದ್ದರು. ದೂಮನ ಹೆಂಡತಿ ಹಿಂದಿನ ದಿನ ಗಂಜಿಯಿಲ್ಲದೆ ತಲೆಸುತ್ತಿ ಕುಳಿತದ್ದು ತುಕ್ರುವಿನ ಕಣ್ಣಲ್ಲೇ ಇತ್ತು. ನಮ್ಮಿಂದಾಗಿ ಇಷ್ಟು ಜನ ಉಪವಾಸ ಎಂಬ ನಾಚಿಕೆ ಅವಳನ್ನು ತಿನ್ನುತ್ತಿತ್ತು. ಅವಳು ಕುಳಿತು ಸರಸರನೆ ಗಂಡನ ಸುತ್ತನ್ನು ತಾನೇ ಹೆಣೆದಳು, ತುದಿ ಸಿಕ್ಕಿಸಿದಳು, ಬುಟ್ಟಿಯನ್ನು ಅವನ ತೊಡೆಗೆ ಒರಗಿಸಿಟ್ಟಳು.

ಜನ ಬಂದರು. "ಓ! ಚನಿಯ ಹೆಣೆದಿದ್ದಾನೆ!" ಎಂದು ದೂಮ ಕೂಗಿಬಿಟ್ಟ.

ಐತಜ್ಜಿ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡು ಸುತ್ತಿನ ಮೇಲೆ ಬೆರಳಾಡಿಸಿದಳು. ಡೋಲಿಗೆ ಚರ್ಮ ಬಿಗಿಯುವ ಕೈ ಚನಿಯನದು. ಅವನು ಹೆಣೆದರೆ ಸುತ್ತುಗಳ ನಡುವೆ ಸೂಜಿ ತೂರುವುದಿಲ್ಲ. ಇದರಲ್ಲಿ ಅವಳ ಉಗುರು ತೂರಿತು. ಮುದುಕಿ ಆ ಸುತ್ತನ್ನು ಬಿಚ್ಚತೊಡಗಿದಳು.

"ಅಜ್ಜಿ, ಬಿಚ್ಚಬೇಡಿ" ಎಂದಳು ತುಕ್ರು. "ಮಕ್ಕಳು ಹಸಿದಿದ್ದಾರೆ."

"ಅವನ ಹಸಿವೆಗೆ ನೀನು ಉಂಡರೆ ಆಗ್ತದಾ ಮಗಳೇ?" ಬಿಚ್ಚಿದ ಬಳ್ಳಿಯನ್ನು ಮುದುಕಿ ನೆಲಕ್ಕೆ ಹಾಕಿದಳು. "ನನ್ನದೂ ತಪ್ಪು ಉಂಟು. ಕೂಸು ಹೋದದ್ದು ಅವನಿಗೆ ಮಾತ್ರವಾ? ಹೆತ್ತವಳನ್ನು ಹೊರಗೆ ನಿಲ್ಲಿಸಿ ನಾವು ಸುತ್ತು ಕೂತೆವು. ಬಾ, ಇಲ್ಲಿ ಕೂರು."

ತುಕ್ರುವಿಗೆ ಜಾಗ ಮಾಡಲು ಒಂದಿಡೀ ಸಾಲು ಸರಿಯಿತು. ಯಾರೋ ಅವಳ ಬೆನ್ನಿಗೆ ಕೈಯಿಟ್ಟರು. ಅಳಬಾರದೆಂಬ ಕಟ್ಟಳೆಯಿರುವುದು ಜೊತೆಗೆ ಕೂತವರಿಗೆ; ಅವಳೂ ಮನಸ್ಸು ಮುರಿದವಳೇ ಆದ್ದರಿಂದ ಅದು ಅವಳಿಗೆ ಅನ್ವಯಿಸಲಿಲ್ಲ. ಕೂಸು ಸತ್ತ ಮೇಲೆ ಮೊದಲ ಬಾರಿಗೆ ತುಕ್ರು ಬಾಯಿಬಿಟ್ಟು ಅತ್ತಳು. ಯಾರೂ ಸುಮ್ಮನಿರೆನ್ನಲಿಲ್ಲ, ವಿಧಿಯೆನ್ನಲಿಲ್ಲ. ಆಮೇಲೆ ಅವಳು ತನ್ನದೇ ಒಂದು ಸುತ್ತು ಹೆಣೆದು ಬುಟ್ಟಿಯನ್ನು ಗಂಡನ ಎದುರಿಟ್ಟಳು.

ಒಂಬತ್ತನೆಯ ದಿನ ಮೊಯಿದಿನಬ್ಬ ಗುಡ್ಡ ಹತ್ತಿ ಬಂದ. ಮೂಡುಬಿದಿರೆಯ ಸಂತೆಯಲ್ಲಿ ಒಣಮೀನು ಮಾರುವವನು; ಅವನ ಮೀನೆಲ್ಲ ಕೂರುವುದು ಈ ಕೊಪ್ಪದ ಬುಟ್ಟಿಗಳಲ್ಲಿ.

"ಎಂಥ ಅಜ್ಜಿ ಇದು? ಎರಡು ಸಂತೆ ಆಯ್ತು, ಒಂದು ಬುಟ್ಟಿ ಇಲ್ಲ. ಮೀನನ್ನು ನಾನು ಟೊಪ್ಪಿಯಲ್ಲಿ ತುಂಬಿಸಬೇಕಾ?"

ಐತಜ್ಜಿ ಸಂಗತಿ ಹೇಳಿದಳು. ಮೊಯಿದಿನಬ್ಬ ಚನಿಯನನ್ನು ನೋಡಿದ, ಎದುರಿಗಿದ್ದ ಒಂಟಿ ಬುಟ್ಟಿಯನ್ನು ನೋಡಿದ, ತನ್ನ ಗಂಟು ಬಿಚ್ಚಿ ಒಣಮೀನನ್ನು ತುಕ್ರುವಿನ ಮುಂದೆ ಸುರಿದ. "ಇದು ಉಪವಾಸದ ಮನೆಗೆ. ವಾಪಸ್ಸು ಮಾತಿಲ್ಲ." ಆಮೇಲೆ ಪಂಚೆ ಎತ್ತಿ ಕಟ್ಟಿ ಸುತ್ತಿನಲ್ಲೇ ಕುಳಿತ. ಬಯಲಿನವರು ಕೊಪ್ಪದಲ್ಲಿ ಕೂರುವುದಿಲ್ಲ. ಅವನು ಕುಳಿತ ಜಾಗವನ್ನು ಎಲ್ಲರೂ ಒಮ್ಮೆ ನೋಡಿದರು.

"ಕೂತವರ ಕೈ ಬಿಟ್ಟು ಬುಟ್ಟಿ ಹೋಗುವ ಹಾಗಿಲ್ಲ ಸಾಹೇಬರೇ" ಎಂದ ದೂಮ, "ನೀವೂ ಒಂದು ಸುತ್ತು ಹೆಣೆಯಬೇಕು."

"ನನ್ನ ಉಮ್ಮ ನನಗೆ ಚಾಪೆ ಮಡಚಲಿಕ್ಕೂ ಬಿಡ್ಲಿಲ್ಲ ಮಾರಾಯ!"

ಆದರೂ ಹೆಣೆದ. ಹಳೆಯ ಸುತ್ತುಗಳ ಮೇಲೆಯೇ ಹೆಣೆದ ಆ ಸುತ್ತು ಏಡಿ ನಡೆದಂತೆ ಅಡ್ಡಾದಿಡ್ಡಿ ಹೋಯಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಬುಟ್ಟಿಯನ್ನು ಮತ್ತೆ ಚನಿಯನ ಎದುರಿಟ್ಟು ಅವನೂ ಬೆವರು ಒರೆಸಿಕೊಂಡು ನಕ್ಕ.

ಆಗ ಚನಿಯನ ಬೆರಳು ಬಾಯಿಯಿಂದ ಹೊರಗೆ ಬಂತು. ಅವನು ಕಣ್ಣೆತ್ತಲಿಲ್ಲ. ಕೈ ಮಾತ್ರ ಮುಂದೆ ಬಂದು ಆ ಕೆಟ್ಟ ಸುತ್ತನ್ನು ಮುಟ್ಟಿತು, ಹೆಬ್ಬೆರಳು ಬಳ್ಳಿಯನ್ನು ಕೆಳಕ್ಕೆ ಒತ್ತಿತು. ಒಂದು ಕಡೆ. ಇನ್ನೊಂದು ಕಡೆ. ಕುಶಲಿಗನ ಕೈ ಅದು; ಲೋಕದ ಎಲ್ಲ ಅನ್ಯಾಯವನ್ನು ಸಹಿಸಿಯೂ ಒಂದು ಸೊಟ್ಟ ಹೆಣಿಗೆಯನ್ನು ಸಹಿಸಲಾರದ ಕೈ. ನಗು ನಿಂತಿತು. ಐತಜ್ಜಿ ಗಂಟಲು ಕೆರೆದಳು, ಅದು ಎಚ್ಚರಿಕೆ. ಕೂಡಲೇ ಎಲ್ಲರೂ ಮತ್ತೆ ಮಳೆಯ ಬಗ್ಗೆ, ಮೀನಿನ ಬಗ್ಗೆ ಮಾತಾಡತೊಡಗಿದರು. ತುಕ್ರು ಕೆಳದುಟಿ ಕಚ್ಚಿ ಹಿಡಿದಳು. ಅಂದು ಸಂಜೆ ಚನಿಯ ಗೆಡ್ಡೆ ಬೇಯಿಸಿ ಮಾಡಿದ ಗಂಜಿಯ ತಿಳಿಯನ್ನು ಉಗಿಯದೆ ಕುಡಿದ. ಸುತ್ತನ್ನು ಮಾತ್ರ ಇನ್ನೂ ಹೆಣೆದಿರಲಿಲ್ಲ.

ಹನ್ನೊಂದನೆಯ ದಿನ ಮುಂಜಾನೆ ಗುತ್ತಿನ ಪಾರುಪತ್ಯಗಾರ ಚಿನ್ನಯ್ಯ ಬಂದ. ಜೊತೆಗೆ ಒಬ್ಬ ಆಳು, ಆಳಿನ ಕೈಯಲ್ಲಿ ಬಾಳೆಲೆಯ ಪೊಟ್ಟಣ. ಗುತ್ತಿನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು.

"ಚನಿಯ ಎಲ್ಲಿ? ಅಮ್ಮನವರಿಗೆ ಅವನೇ ಬೇಕಂತೆ" ಎಂದ ಚಿನ್ನಯ್ಯ. "ಸೊಸೆಯ ಕೇಡು ಇವನಿಗೆ ಹಿಡಿದು ಇವನ ತಲೆ ಕೆಟ್ಟಿತು, ಮಗು ಗಟ್ಟಿಯಾಯ್ತು. ಕೈಗುಣ ಅಂದರೆ ಅದು ಅಂತಾರೆ. ಇಳಿದು ಬರಲಿಕ್ಕಾಗದಿದ್ದರೆ ಇಲ್ಲೇ ಉಣ್ಣಲಿ ಅಂತ ಕೊಟ್ಟು ಕಳಿಸಿದ್ದಾರೆ. ದೊಡ್ಡ ಮನಸ್ಸು ಅವರದ್ದು."

ತುಕ್ರು ಏಳಹೋದಳು. ಐತಜ್ಜಿ ಅವಳ ಮೊಣಕಾಲು ಅದುಮಿ ಹಿಡಿದಳು.

"ಧಣಿ, ನಾವು ಸುತ್ತಿನಲ್ಲಿದ್ದೇವೆ. ಬುಟ್ಟಿ ಅವನ ಎದುರು ಉಂಟು. ಅದು ದಾಟುವವರೆಗೆ ಯಾರೂ ಏಳುವ ಹಾಗಿಲ್ಲ."

"ಬುಟ್ಟಿಯಾ? ಬುಟ್ಟಿಗೆ ನಾನು ಕಾಯಬೇಕಾ?" ಚಿನ್ನಯ್ಯ ಆಳಿಗೆ ಸನ್ನೆ ಮಾಡಿದ. ಆಳು ಪೊಟ್ಟಣ ಬಿಚ್ಚಿ ಬುಟ್ಟಿಯ ಪಕ್ಕದಲ್ಲೇ ಇಟ್ಟ. ಎಣ್ಣೆಯ ಅನ್ನ. ನಡುವೆ ಸುರುಳಿ ಸುತ್ತಿದ ಕರಿಯ ಕೂದಲು. "ಹೂಂ, ಉಣ್ಣು. ಬೇಗ."

ಚನಿಯ ಎಲೆಯನ್ನು ನೋಡಿದ. ಅವನ ಬೆರಳು ಬಾಯಿಯ ಕಡೆಗೆ ಹೊರಟದ್ದನ್ನು ಕಂಡು ತುಕ್ರುವಿಗೆ ಹನ್ನೊಂದು ದಿನಗಳೂ ಒಮ್ಮೆಗೇ ಜಾರಿಹೋದಂತಾಯಿತು. ಅವನನ್ನು ಅಪ್ಪಿ ಹಿಡಿಯಬೇಕೆನಿಸಿತು, ಎಲೆಯನ್ನು ಒದೆಯಬೇಕೆನಿಸಿತು. ಎರಡನ್ನೂ ಮಾಡದೆ ಕುಳಿತಳು. ಅವನ ಸುತ್ತು ಅವನದೇ. ಅವಳ ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಇನ್ನೊಂದಿರಲಿಲ್ಲ.

ಯಾರೂ ಏಳಲಿಲ್ಲ. ಧಣಿಯ ಕಡೆಯವನು ನಿಂತಿರುವಾಗ ಕೊರಗರು ಕುಳಿತೇ ಇರುವುದನ್ನು ಚಿನ್ನಯ್ಯ ಆಗಷ್ಟೇ ಗಮನಿಸಿದಂತಿತ್ತು. ದೂಮ ಚನಿಯನ ಭುಜಕ್ಕೆ ತನ್ನ ಭುಜ ತಾಗುವಷ್ಟು ಸರಿದು ಕುಳಿತ.

ಚನಿಯನ ಕೈ ಗಲ್ಲದ ಬಳಿ ನಿಂತಿತು. ಕೆಳಗಿಳಿಯಿತು. ಎಲೆಯನ್ನು ದಾಟಿ ಬುಟ್ಟಿಯನ್ನು ಹಿಡಿಯಿತು. ಅವನು ಬುಟ್ಟಿಯನ್ನು ಮೊಣಕಾಲ ಸಂದಿಗೆ ಸಿಕ್ಕಿಸಿ, ನೆನೆದ ಬಳ್ಳಿಯೊಂದನ್ನು ಆರಿಸಿ, ಒಂದು ಎಳೆ ಒಳಗೆ, ಒಂದು ಎಳೆ ಹೊರಗೆ, ಹೆಬ್ಬೆರಳಿನಿಂದ ಒತ್ತಿ ಒತ್ತಿ ಹೆಣೆದ. ಆ ಇಡೀ ಹೊತ್ತು ಚಿನ್ನಯ್ಯ ಬಿಸಿಲಿನಲ್ಲಿ ನಿಂತಿದ್ದ. ಸುತ್ತು ಮುಗಿಯಿತು. ಚನಿಯ ತುದಿ ಸಿಕ್ಕಿಸಿ ಬುಟ್ಟಿಯನ್ನು ದೂಮನ ಕೈಗೆ ದಾಟಿಸಿದ. ಆಮೇಲೆ ಎಲೆಯನ್ನು ಎರಡು ಕೈಯಿಂದ ಮಡಚಿ ಚಿನ್ನಯ್ಯನ ಕಾಲ ಬಳಿ ಸರಿಸಿದ.

"ಬೇಡ. ನನ್ನದು ಗಂಜಿ ಆಯ್ತು" ಎಂದ.

ತಿಂಗಳ ಮೇಲೆ ಬಂದ ದನಿ, ತುಕ್ಕು ಹಿಡಿದಿತ್ತು. ಆದರೂ ಎಲ್ಲರಿಗೂ ಕೇಳಿಸಿತು.

ಚಿನ್ನಯ್ಯ ಕೂಗಾಡಿದ. ಗುತ್ತಿನ ಗುಡ್ಡ, ಗುತ್ತಿನ ಬಳ್ಳಿ, ಗುತ್ತಿನ ನೀರು ಎಂದ. ಮೂರು ದಿನದಲ್ಲಿ ಜಾಗ ಖಾಲಿ ಆಗದಿದ್ದರೆ ಬೆಂಕಿ ಹಾಕಿಸುತ್ತೇನೆಂದ. ಪೊಟ್ಟಣವನ್ನು ಮುಟ್ಟಲು ಆಳು ಹೇಸಿದ. ತಾನೇ ಹೊತ್ತು ತಂದದ್ದು, ಕೊರಗನ ಕೈ ತಾಗಿದೊಡನೆ ಮೈಲಿಗೆಯಾಗಿತ್ತು! ಅದನ್ನು ಅಲ್ಲೇ ಬಿಟ್ಟು ಇಬ್ಬರೂ ಇಳಿದು ಹೋದರು. ಕಾಗೆಯೊಂದು ಬಂದು ನೋಡಿ, ಅದೂ ಮುಟ್ಟದೆ ಹಾರಿತು.

ಗುಡ್ಡ ಹೋಯಿತೆಂಬುದು ಎಲ್ಲರಿಗೂ ಗೊತ್ತಾಗಿತ್ತು. ಕೂಸಿನ ಗುಂಡಿ ಇದ್ದದ್ದೂ ಈ ಗುಡ್ಡದಲ್ಲೇ. ತುಕ್ರು ಆ ಕಡೆಗೊಮ್ಮೆ ನೋಡಿದಳು.

"ಕೊಕ್ಕಡದ ಕಡೆ ನನ್ನ ಭಾವ ಇದ್ದಾನೆ" ಎಂದ ದೂಮ, ತನ್ನ ಸುತ್ತಿಗೆ ಬಳ್ಳಿ ಆರಿಸುತ್ತ. "ಸರ್ಕಾರಿ ಕಾಡು ಉಂಟಂತೆ. ಅಲ್ಲಿಗೇ ಹೋಗುವ."

"ಅಲ್ಲಿಗೆ ಬೇಡ" ಎಂದ ಚನಿಯ.

ಎಲ್ಲರ ಕೈಯೂ ನಿಂತಿತು.

"ಅಲ್ಲಿಯ ಬಳ್ಳಿ ಬಿರುಸು. ಬಗ್ಗಿಸಿದರೆ ಮುರೀತದೆ."

"ಬಳ್ಳಿ ಬಿರುಸಾ? ನಿನಗೆ ಬಗ್ಗಿಸಲಿಕ್ಕೆ ಬರುವುದಿಲ್ಲ ಅಂತ ಹೇಳು ಮಾರಾಯ!"

"ನಿನ್ನ ಭಾವ ಹೆಣೆದ ಬುಟ್ಟಿ ನೋಡಿದ್ದೇನೆ. ನೀರು ಮಾತ್ರ ಅಲ್ಲ, ಗೆಡ್ಡೆಯೂ ಸೋರಿಹೋಗ್ತದೆ."

ದೂಮ ಬುಟ್ಟಿಯನ್ನು ನೆಲಕ್ಕೆ ಕುಕ್ಕಿ ಜಗಳಕ್ಕೆ ನಿಂತ. ಚನಿಯ ಬಿಡಲಿಲ್ಲ, ತೋಡು ಯಾವ ಕಡೆ, ಬಿದಿರು ಯಾವ ಕಡೆ ಎಂದು ಒಡಕು ದನಿಯಲ್ಲೇ ವಾದಕ್ಕಿಳಿದ. ಐತಜ್ಜಿ ಇಬ್ಬರನ್ನೂ ಬೈದಳು. ತುಕ್ರು ಮೆಲ್ಲನೆದ್ದು ಗುಡಿಸಲಿನೊಳಗೆ ಹೋಗಿ, ಮೊಯಿದಿನಬ್ಬ ಕೊಟ್ಟಿದ್ದರಲ್ಲಿ ಉಳಿದ ಮೀನನ್ನೆಲ್ಲ ಕೆಂಡಕ್ಕೆ ಹಾಕಿದಳು. ಹೊರಗೆ ಗಂಡ ಜಗಳವಾಡುತ್ತಿದ್ದ. ಅವಳು ಹೊಗೆಯಲ್ಲಿ ಕುಳಿತು, ಒಂದು ಮಾತೂ ತಪ್ಪಿಹೋಗದಂತೆ ಕೇಳಿಸಿಕೊಂಡಳು.